ರೂಪವಿಲ್ಲದ ತರಗತಿ

ಗುರುವಿನ ದೇಹ ಎದುರಿಗಿಲ್ಲದೆ ವಿದ್ಯೆಯು ಶಿಷ್ಯನಲ್ಲಿ ಸಂಕ್ರಮಿಸಬಲ್ಲುದೆ ಎಂಬ ಪ್ರಶ್ನೆ ಹೊಸದಲ್ಲ. ಪ್ಲೇಟೋವಿನ ‘ಫೀಡ್ರಸ್’ ಸಂವಾದದಲ್ಲಿ ಸಾಕ್ರಟೀಸನು ಬರವಣಿಗೆಯ ಮೇಲೆ ಹೊರಿಸಿದ ದೋಷವೆಂದರೆ, ಅದು ಬಲ್ಲವನಂತೆ ತೋರಿದರೂ ಪ್ರಶ್ನಿಸಿದಾಗ ಹಿಂದೆ ನುಡಿದುದನ್ನೇ ನುಡಿಯುತ್ತದೆ, ತನ್ನೆದುರು ನಿಂತವನು ಯಾರು, ಅವನ ಅಧಿಕಾರವೇನು ಎಂಬುದನ್ನು ಅದು ಅರಿಯದು ಎಂಬುದಾಗಿ. ಜಿಜ್ಞಾಸುವು ಸಮಿತ್ಪಾಣಿಯಾಗಿ ಗುರುವಿನ ಬಳಿಗೇ ಹೋಗತಕ್ಕದ್ದೆಂದು ಮುಂಡಕೋಪನಿಷತ್ತು ವಿಧಿಸುತ್ತದೆ. ಇಷ್ಟು ಪುರಾತನವಾದ ಈ ಪ್ರಶ್ನೆಯನ್ನು 2020ನೆಯ ಮಾರ್ಚಿ ತಿಂಗಳಲ್ಲಿ, ಕೊರೊನಾ ಮಹಾಮಾರಿಯು ತರಗತಿಗಳ ಬಾಗಿಲು ಮುಚ್ಚಿಸಿದಾಗ, ಅಮೆರಿಕದ ಕಮ್ಯುನಿಟಿ ಕಾಲೇಜುಗಳ ಅಧ್ಯಾಪಕರು ಮತ್ತೆ ಎದುರಿಸಬೇಕಾಯಿತು. ಅದೂ ತತ್ತ್ವಜಿಜ್ಞಾಸೆಯ ಬಿಡುವಿನಲ್ಲಲ್ಲ, ಮುಂದಿನ ಸೋಮವಾರದ ಪಾಠ ಹೇಗೆ ನಡೆದೀತೆಂಬ ತಳಮಳದಲ್ಲಿ.

ಈ ಕಾಲೇಜುಗಳ ಸ್ವರೂಪವನ್ನು ತಿಳಿಯದೆ ಆ ತಳಮಳ ಅರ್ಥವಾಗದು. ಇಲಿನಾಯ್ ಸಂಸ್ಥಾನದ ಜೋಲಿಯೆಟ್ ಪಟ್ಟಣದಲ್ಲಿ 1901ರಲ್ಲಿ ಮೊದಲಾದ ಈ ಪರಂಪರೆ, ಅಧ್ಯಕ್ಷ ಟ್ರೂಮನ್ನರು ನೇಮಿಸಿದ ಆಯೋಗದ 1947ರ ವರದಿಯಿಂದ ಹೆಸರನ್ನೂ ವಿಸ್ತಾರವನ್ನೂ ಪಡೆದು, ಇಂದು ಸಾವಿರಕ್ಕೂ ಮೀರಿದ ಸಂಸ್ಥೆಗಳಾಗಿ ಹರಡಿಕೊಂಡಿದೆ. ಸಿಲಿಕಾನ್ ಕಣಿವೆಯಲ್ಲಿ ನೆಲಸಿದ ಕನ್ನಡಿಗರಿಗೆ ಕೂಪರ್ಟಿನೋ ಊರಿನ ಡಿ ಆನ್ಜಾ ಕಾಲೇಜಿನ ಮೂಲಕ ಇವುಗಳ ಪರಿಚಯ ಉಂಟು. ಕಡಿಮೆ ಶುಲ್ಕ, ಎರಡು ವರ್ಷದ ವ್ಯಾಸಂಗ, ಬಂದವರನ್ನೆಲ್ಲ ಸೇರಿಸಿಕೊಳ್ಳುವ ತೆರೆದ ಬಾಗಿಲು, ಇವು ಇವುಗಳ ಲಕ್ಷಣ. ನರ್ಸ್ ಆಗಬೇಕೆಂಬವಳು, ವೆಲ್ಡಿಂಗ್ ಕಲಿಯುವವನು, ಇಂಗ್ಲಿಷನ್ನು ಈಗ ತಾನೇ ಕೂಡಿಸಿ ಓದುತ್ತಿರುವ ವಲಸಿಗ, ಮಕ್ಕಳನ್ನು ಮಲಗಿಸಿ ಪುಸ್ತಕ ಬಿಚ್ಚುವ ತಾಯಿ, ಎಲ್ಲರೂ ಇಲ್ಲಿ ಸಹಪಾಠಿಗಳು. ಮೂವರಲ್ಲಿ ಇಬ್ಬರು ದುಡಿಮೆಯ ನಡುವೆ ಅರೆಕಾಲಿಕವಾಗಿ ಓದತಕ್ಕವರು. ಅಧ್ಯಾಪಕರಲ್ಲಿಯೂ ಬಹುಮಂದಿ ಅರೆಕಾಲಿಕರೇ. ಬೆಳಗ್ಗೆ ಒಂದು ಕಾಲೇಜು, ಸಂಜೆ ಇನ್ನೊಂದು, ನಡುವೆ ಕಾರಿನಲ್ಲಿಯೇ ಊಟ. ಇಂಥವರಿಗೆ ತರಗತಿಯೆಂಬ ಕೋಣೆಯು ಪಾಠದ ಸ್ಥಳ ಮಾತ್ರವಲ್ಲ, ದಿನದಲ್ಲಿ ಒಬ್ಬರನ್ನೊಬ್ಬರು ನಿಶ್ಚಿಂತೆಯಿಂದ ಕಾಣಬಹುದಾಗಿದ್ದ ಏಕಮಾತ್ರ ನೆಲೆಯೂ ಆಗಿದ್ದಿತು.

ಆ ನೆಲೆ ತಪ್ಪಿದಾಗ ಅವರು ಹೂಡಿದ ಉಪಾಯಗಳು ಹಲವು. ರಸಾಯನಶಾಸ್ತ್ರದವರು ಸಣ್ಣ ಪೆಟ್ಟಿಗೆಗಳಲ್ಲಿ ಪ್ರಯೋಗದ ಸಾಮಗ್ರಿಯನ್ನು ಅಂಚೆಯಲ್ಲಿ ಕಳುಹಿಸಿದರು. ಅದೂ ಒದಗದ ಕಡೆ ಕೆಂಪು ಎಲೆಕೋಸಿನ ರಸವೇ ಆಮ್ಲಕ್ಷಾರಗಳ ಪರೀಕ್ಷಕವಾಯಿತು, ಅಡಿಗೆಮನೆಯೇ ಪ್ರಯೋಗಶಾಲೆಯಾಯಿತು. ಗಣಿತದವರು ಪುಸ್ತಕಗಳ ಅಟ್ಟಿಯ ಮೇಲೆ ಮೊಬೈಲನ್ನು ಕವುಚಿಟ್ಟು, ಬರೆಯುವ ತಮ್ಮ ಕೈಯನ್ನೇ ತೋರಿಸಿದರು. ಒಬ್ಬೊಬ್ಬರೂ ತಮ್ಮ ಮನೆಯಲ್ಲಿ ಹಾಡಿ ಕಳುಹಿಸಿದ ದನಿಗಳನ್ನು ಹೆಣೆದು ಸಂಗೀತದವರು ಮೇಳವನ್ನು ಕಟ್ಟಿದರು. ಮನೆಯಲ್ಲಿ ಅಂತರ್ಜಾಲವಿಲ್ಲದವರಿಗಾಗಿ ಅನೇಕ ಕಾಲೇಜುಗಳು ತಮ್ಮ ವಾಹನ ನಿಲ್ದಾಣಗಳಿಗೆ ವೈಫೈ ಹರಿಸಿದವು. ವಿದ್ಯಾರ್ಥಿಗಳು ಕಾರಿನೊಳಗೆ ಕುಳಿತು ಪರೀಕ್ಷೆ ಬರೆದರು. 2021ರ ಆರಂಭದಲ್ಲಿ ಅಧ್ಯಕ್ಷರ ಪತ್ನಿಯಾಗಿ ಜಿಲ್ ಬೈಡನ್ನರು ಶ್ವೇತಭವನಕ್ಕೆ ಬಂದ ಮೇಲೆಯೂ ಉತ್ತರ ವರ್ಜೀನಿಯಾ ಕಮ್ಯುನಿಟಿ ಕಾಲೇಜಿನ ತಮ್ಮ ವಿದ್ಯಾರ್ಥಿಗಳಿಗೆ ಜೂಮ್ ಮೂಲಕ ಬರವಣಿಗೆಯ ಪಾಠ ಹೇಳಿದುದು ಲೋಕವಿದಿತ. ಇವನ್ನೆಲ್ಲ ಜಾಣತನವೆಂದು ಕೊಂಡಾಡಿ ಸುಮ್ಮನಾಗುವುದು ಸುಲಭ. ನನಗಾದರೋ ಇವುಗಳ ಮೂಲದಲ್ಲಿರುವುದು ಜಾಣತನವಲ್ಲವೆಂದು ತೋರುತ್ತದೆ.

ಏಕೆಂದರೆ ಆ ಅಧ್ಯಾಪಕರು ಕಂಡ ನಿಜವಾದ ಕಷ್ಟ ಸಲಕರಣೆಯದಾಗಿರಲಿಲ್ಲ. ಗಣಕದ ಪರದೆಯ ಮೇಲೆ ಮೂವತ್ತು ಕರಿಯ ಚೌಕಗಳು, ಒಂದೊಂದರಲ್ಲಿಯೂ ಒಂದು ಹೆಸರು, ಮುಖವಿಲ್ಲ, ದನಿಯಿಲ್ಲ. ಪ್ರಶ್ನೆ ಕೇಳಿದರೆ ಉತ್ತರವಿಲ್ಲ. ಹಾಸ್ಯ ಹೇಳಿದರೆ ನಕ್ಕರೋ ಇಲ್ಲವೋ ತಿಳಿಯದು. ಆ ಚೌಕದ ಹಿಂದೆ ಕಿವಿಗೊಟ್ಟವನಿರುವನೋ, ನಿದ್ರಿಸುವವನಿರುವನೋ, ಅಥವಾ ಯಾರೂ ಇಲ್ಲವೋ ಅದೂ ತಿಳಿಯದು. ರೂಪವಳಿದು ನಾಮವೊಂದೇ ಉಳಿದ ಈ ಸ್ಥಿತಿಯನ್ನು ನಮ್ಮ ಭಕ್ತಿಪರಂಪರೆ ಬಹುಕಾಲದಿಂದ ಬಲ್ಲದು. ಕಾಣದವನನ್ನು ಹೆಸರಿನಿಂದ ಕರೆಯುತ್ತಿರುವುದು, ಓಗೊಡದಿದ್ದರೂ ಕೇಳುತ್ತಿರುವನೆಂದು ನಂಬಿ ನುಡಿಯುವುದು, ಮೌನವನ್ನು ನಿರಾಕರಣೆಯೆಂದು ತಿಳಿಯದೆ ಕಾಯುವುದು, ಇವು ಭಕ್ತನ ಲಕ್ಷಣಗಳಲ್ಲವೆ? ಲೋಕರೂಢಿಯಲ್ಲಿ ದೇವರ ಸ್ಥಾನದಲ್ಲಿರುವವನು ಗುರು, ಭಕ್ತನ ಸ್ಥಾನದಲ್ಲಿರುವವನು ಶಿಷ್ಯ. ಮಹಾಮಾರಿಯು ಆ ಸ್ಥಾನಗಳನ್ನು ಅದಲುಬದಲು ಮಾಡಿತು. ಗದ್ದುಗೆಯಿಂದ ಇಳಿದು ಬೇಡುವವನಾದ ಅಧ್ಯಾಪಕನಿಗೆ ಅದು ಸುಖದ ಅನುಭವವಾಗಿದ್ದಿರಲಾರದು. ಗದ್ದುಗೆಯ ಮೇಲೆ ಕುಳಿತು ಬಹುಕಾಲ ಅಭ್ಯಾಸವಾದವರಿಗಂತೂ ಅದು ಬೇಕಾಗಿದ್ದ ಚಿಕಿತ್ಸೆಯೆಂದೇ ನಾನು ಭಾವಿಸುತ್ತೇನೆ.

ಹಾಗಾದರೆ ದರ್ಶನವನ್ನು ಬಲವಂತದಿಂದ ಪಡೆಯಬಹುದೆ? ಕ್ಯಾಮೆರಾ ತೆರೆಯದವನಿಗೆ ಹಾಜರಿಯಿಲ್ಲವೆಂದು ಕೆಲವರು ಕಟ್ಟುಮಾಡಿದರು. ಅವರ ನೋವು ಅರ್ಥವಾಗತಕ್ಕದ್ದೇ. ಆದರೆ ಆ ಮುಚ್ಚಿದ ಕಣ್ಣಿನ ಹಿಂದೆ ಒಂದೇ ಕೋಣೆಯಲ್ಲಿ ಬಾಳುವ ಐದಾರು ಮಂದಿಯಿರಬಹುದು, ಅಂಗಡಿಯ ಉಗ್ರಾಣದಲ್ಲಿ ಸರಕು ಜೋಡಿಸುತ್ತಲೇ ಕಿವಿಯಲ್ಲಿ ಪಾಠ ಕೇಳುವವನಿರಬಹುದು, ಬಡತನವನ್ನು ಇತರರ ನೋಟಕ್ಕೆ ಒಡ್ಡಲಾರದ ಮಾನವಿರಬಹುದು. ಕ್ಯಾಲಿಫೋರ್ನಿಯಾದ ಕಮ್ಯುನಿಟಿ ಕಾಲೇಜುಗಳ ಕುಲಪತಿ ಕಚೇರಿಯು 2020ರಲ್ಲಿಯೇ, ಎಲ್ಲರೂ ಸದಾ ಕ್ಯಾಮೆರಾ ತೆರೆದಿರಬೇಕೆಂಬ ಸಾರಾಸಗಟು ನಿಯಮವು ವಿದ್ಯಾರ್ಥಿಗಳ ಖಾಸಗಿತನಕ್ಕೆ ಧಕ್ಕೆ ತಂದೀತೆಂದು ಎಚ್ಚರಿಸಿದುದು ಉಚಿತವೇ ಆಯಿತು. ತೆರೆ ಸರಿಸುವ ಅಧಿಕಾರ ತೆರೆಯ ಒಳಗಿರುವವರದು.

ಫ್ರಾನ್ಸಿನ ಸಿಮೋನ್ ವೇಯ್ ಎಂಬ ತತ್ತ್ವಜ್ಞೆ, ತಾನೂ ಕೆಲಕಾಲ ಹೆಣ್ಣುಮಕ್ಕಳ ಶಾಲೆಗಳಲ್ಲಿ ಬೋಧಿಸಿದವಳು, 1942ರಲ್ಲಿ ಬರೆದ ಪ್ರಬಂಧವೊಂದರಲ್ಲಿ ಶಾಲಾಭ್ಯಾಸದ ಪರಮಪ್ರಯೋಜನವು ಅವಧಾನಶಕ್ತಿಯ ಸಂವರ್ಧನೆಯೆಂದೂ, ಪ್ರಾರ್ಥನೆಯು ಅವಧಾನದಿಂದಲೇ ಆದುದೆಂದೂ ವಾದಿಸಿದಳು. ಸಂಕಟದಲ್ಲಿರುವವನ ಕಡೆ ತಿರುಗಿ ಅವನ ಬಾಧೆಯೇನೆಂದು ನಿಜವಾಗಿ ಕೇಳಬಲ್ಲ ಸಾಮರ್ಥ್ಯವೂ ಆ ಶಕ್ತಿಯ ಫಲವೇ ಎಂಬುದು ಅವಳ ಅಭಿಪ್ರಾಯ. ಅವಳು ಶಿಷ್ಯನ ಅವಧಾನವನ್ನು ಕುರಿತು ಹೇಳಿದುದನ್ನು ನಾನು ಗುರುವಿಗೆ ಅನ್ವಯಿಸಲು ಇಚ್ಛಿಸುತ್ತೇನೆ. ಅಂಚೆಯ ಪೆಟ್ಟಿಗೆಯಾಗಲಿ, ಎರಡು ವಾರ ಕಾಣದ ವಿದ್ಯಾರ್ಥಿಗೆ ಮಾಡಿದ ದೂರವಾಣಿ ಕರೆಯಾಗಲಿ, ಉತ್ತರಪತ್ರಿಕೆಯ ಮೇಲೆ ಕೆಂಪು ಗೀಟಿನ ಬದಲು ತನ್ನ ದನಿಯನ್ನೇ ಮುದ್ರಿಸಿ ಕಳುಹಿಸಿದುದಾಗಲಿ, ಇವು ಬಗೆಬಗೆಯ ತಂತ್ರಗಳಲ್ಲ. ಒಂದೇ ಅವಧಾನವು ತಳೆದ ನಾನಾ ಆಕಾರಗಳು. ಸಾಕ್ರಟೀಸನ ಒರೆಗಲ್ಲು ಇಲ್ಲಿಗೂ ಸಲ್ಲುತ್ತದೆ. ಒಮ್ಮೆ ಚಿತ್ರೀಕರಿಸಿ ಎಲ್ಲರಿಗೂ ಹಂಚಿದ ಉಪನ್ಯಾಸ ಕೇಳಿದವನಾರೆಂಬುದನ್ನು ಅರಿಯದು. ಇವನಿಗೆ ಇಂದು ಇದು ಬೇಕೆಂದು ಅರಿತು ಕಳುಹಿಸಿದ ನಾಲ್ಕು ಸಾಲಿನ ಸಂದೇಶ ಅರಿಯುತ್ತದೆ. ಸನ್ನಿಧಿಯೆಂಬುದು ಸ್ಥಳದ ಗುಣವಾಗಿದ್ದರೆ ಹಿಂದಿನ ತರಗತಿಗಳಲ್ಲಿ ಹಿಂದಿನ ಸಾಲಿನಲ್ಲಿ ಕುಳಿತಿದ್ದವರೆಲ್ಲ ಅದನ್ನು ಪಡೆದಿರಬೇಕಾಗಿದ್ದಿತು. ಪಡೆದಿರಲಿಲ್ಲವೆಂಬುದು ನಮಗೆಲ್ಲ ಗೊತ್ತು.

ಆದರೂ ದೇಹವನ್ನು ಇಷ್ಟು ಸುಲಭವಾಗಿ ತಳ್ಳಿಹಾಕಲಾಗದು. ಛಾಂದೋಗ್ಯದ ಸತ್ಯಕಾಮ ಜಾಬಾಲನನ್ನು ನೆನೆಯೋಣ. ಉಪನಯನ ಮಾಡಿದ ಗುರು ಹಾರಿದ್ರುಮತ ಗೌತಮನು ಅವನಿಗೆ ಪಾಠವನ್ನೇನೂ ಹೇಳದೆ, ನಾನೂರು ಬಡಕಲು ಹಸುಗಳನ್ನು ಒಪ್ಪಿಸಿ ಕಾಡಿಗೆ ಕಳುಹಿಸಿದನು. ಅವು ಸಾವಿರವಾಗುವವರೆಗೆ ದೂರವಿದ್ದ ಹುಡುಗನಿಗೆ ಎತ್ತು, ಅಗ್ನಿ, ಹಂಸ, ನೀರುಹಕ್ಕಿಗಳು ಬ್ರಹ್ಮದ ಒಂದೊಂದು ಪಾದವನ್ನು ಉಪದೇಶಿಸಿದವು. ಹಿಂದಿರುಗಿದಾಗ ಅವನ ಮುಖದ ಕಾಂತಿಯನ್ನು ಕಂಡು ಗುರುವೇ ಬೆರಗಾದನು. ಕಥೆ ಇಲ್ಲಿಗೆ ಮುಗಿದಿದ್ದರೆ ದೂರಶಿಕ್ಷಣದ ಪಕ್ಷಪಾತಿಗಳಿಗೆ ಇದಕ್ಕಿಂತ ಒಳ್ಳೆಯ ಪ್ರಮಾಣ ಬೇಕಾಗಿರಲಿಲ್ಲ. ಆದರೆ ಸತ್ಯಕಾಮನು, ಆಚಾರ್ಯನಿಂದ ತಿಳಿದ ವಿದ್ಯೆಯೇ ಶ್ರೇಷ್ಠಫಲವನ್ನು ಕೊಡುವುದೆಂದು ಕೇಳಿರುವೆನಾದ್ದರಿಂದ ತಾವೇ ಹೇಳಬೇಕೆಂದು ಬೇಡಿದನು. ಗುರುವು ಅದನ್ನೇ, ಏನೂ ಬಿಡದೆ, ಮತ್ತೆ ಹೇಳಿದನು. ತಿಳಿದುದನ್ನೇ ಮತ್ತೆ ಕೇಳುವುದರಲ್ಲಿ ಮಾಹಿತಿಯ ಲಾಭವಿಲ್ಲ. ಲಾಭವಿರುವುದು ತನ್ನ ಅರಿವನ್ನು ಬಲ್ಲವನೊಬ್ಬನು ಎದುರಿಗೆ ನಿಂತು ಅಹುದೆಂದು ಒಪ್ಪುವುದರಲ್ಲಿ. ವೆಲ್ಡಿಂಗ್ ಕಲಿಯುವವನ ಮಣಿಕಟ್ಟನ್ನು ಹಿಡಿದು ತಿದ್ದುವ ಕೈಗೆ, ರೋಗಿಯ ತೋಳಿಗೆ ಸೂಜಿ ಚುಚ್ಚುವ ಮೊದಲ ಸಲ ಪಕ್ಕದಲ್ಲಿರುವ ಹಿರಿಯ ನರ್ಸಿಗೆ, ಯಾವ ಅವಧಾನವೂ ಪೂರ್ಣ ಪ್ರತಿನಿಧಿಯಾಗಲಾರದು.

ಆ ಕಥೆಯಲ್ಲಿ ಇನ್ನೊಂದು ಅಂಶವುಂಟು. ವ್ಯಾಖ್ಯಾನಕಾರರು ಅದರ ಮೇಲೆ ಹೆಚ್ಚು ನಿಲ್ಲುವುದಿಲ್ಲ. ಶಿಷ್ಯನನ್ನು ದೂರ ಕಳುಹಿಸಿದ ಗುರು ಅವನನ್ನು ಬರಿಗೈಯಲ್ಲಿ ಕಳುಹಿಸಲಿಲ್ಲ. ಬಡಕಲಾದರೂ ಹಸುಗಳಿದ್ದವು. ಮಹಾಮಾರಿಯು ದೂರಮಾಡಿದ ಶಿಷ್ಯರಿಗೆ ಅಂಥ ಆಸರೆ ಎಷ್ಟು ದೊರೆಯಿತು? 2020ರ ಶರತ್ಕಾಲದಲ್ಲಿ ಕಮ್ಯುನಿಟಿ ಕಾಲೇಜುಗಳ ವಿದ್ಯಾರ್ಥಿಸಂಖ್ಯೆ ಹಿಂದಿನ ವರ್ಷಕ್ಕಿಂತ ನೂರಕ್ಕೆ ಸುಮಾರು 10ರಷ್ಟು ಕುಸಿಯಿತು. ಕೆಲಸ ಕಳೆದುಕೊಂಡವರು, ಮಕ್ಕಳ ಶಾಲೆ ಮುಚ್ಚಿದ್ದರಿಂದ ಮನೆಗೆ ಕಟ್ಟುಬಿದ್ದವರು ಎಷ್ಟೋ ಮಂದಿ, ಪಾಠ ರುಚಿಸದೆ ಬಿಟ್ಟವರಲ್ಲ. ಆ ವರ್ಷದ ಮಾರ್ಚಿ 27ರಂದು ಜಾರಿಗೆ ಬಂದ ಪರಿಹಾರ ಶಾಸನವು ಉನ್ನತ ಶಿಕ್ಷಣಕ್ಕೆ ಸುಮಾರು 1,400 ಕೋಟಿ ಡಾಲರನ್ನು ಎತ್ತಿಟ್ಟು, ಕಾಲೇಜುಗಳಿಗೆ ನೇರವಾಗಿ ಹಂಚಿದ ಪಾಲಿನಲ್ಲಿ ಕನಿಷ್ಠ ಅರ್ಧ ವಿದ್ಯಾರ್ಥಿಗಳ ಕೈಗೇ ಸೇರಬೇಕೆಂದು ವಿಧಿಸಿತು. ಉದಾರವಾದ ವಿಧಿ. ಆದರೆ ಯಾವ ಕಾಲೇಜಿಗೆ ಎಷ್ಟೆಂದು ಲೆಕ್ಕ ಹಾಕುವಾಗ ಅದು ತಲೆಗಳನ್ನು ಎಣಿಸಲಿಲ್ಲ. ಪೂರ್ಣಕಾಲದ ವ್ಯಾಸಂಗಕ್ಕೆ ಸಮನಾದ ಮೊತ್ತವನ್ನು ಎಣಿಸಿತು. ಎಂದರೆ ಹಗಲೆಲ್ಲ ದುಡಿದು ಸಂಜೆ ಓದುವ ಇಬ್ಬರು ಸೇರಿ ಆ ಶಾಸನದ ಕಣ್ಣಿಗೆ ಹೆಚ್ಚುಕಡಿಮೆ ಒಬ್ಬರಾದರು. ಕರಿಯ ಚೌಕಗಳೆದುರು ಕುಳಿತು ಒಂದೊಂದು ಹೆಸರನ್ನೂ ಪೂರ್ಣವಾಗಿ ಕರೆಯುತ್ತಿದ್ದ ಅಧ್ಯಾಪಕರಿಗೆ ಈ ಗಣಿತ ವಿಚಿತ್ರವಾಗಿಯೇ ತೋರಿದ್ದೀತು. ಡಿಸೆಂಬರಿನಲ್ಲಿ ಬಂದ ಎರಡನೆಯ ಶಾಸನ ಹಂಚಿಕೆಯ ಒಂದು ಭಾಗವನ್ನು ತಲೆಯೆಣಿಕೆಗೆ ಒಪ್ಪಿಸಿತು; ಅಷ್ಟರೊಳಗೆ ಎರಡು ಸೆಮಿಸ್ಟರುಗಳು ಕಳೆದಿದ್ದವು.