ಮಿತಿಯಿಲ್ಲದ ಭೋಜನವೂ ಭೋಗೋಪಭೋಗ ಪರಿಮಾಣವೂ

ಶ್ರಾವಕನ ಹನ್ನೆರಡು ವ್ರತಗಳಲ್ಲಿ ಭೋಗೋಪಭೋಗ ಪರಿಮಾಣದಷ್ಟು ಸುಲಭವಾಗಿ ತೋರಿ, ಅಷ್ಟೇ ಸುಲಭವಾಗಿ ಕೈಜಾರುವ ವ್ರತ ಇನ್ನೊಂದಿಲ್ಲ. ಒಮ್ಮೆ ಅನುಭವಿಸಿ ಬಿಡತಕ್ಕ ಅನ್ನ, ಪಾನ, ಗಂಧಾದಿಗಳು ಭೋಗ. ಮತ್ತೆ ಮತ್ತೆ ಅನುಭವಿಸತಕ್ಕ ವಸ್ತ್ರ, ಆಭರಣ, ಶಯ್ಯಾದಿಗಳು ಉಪಭೋಗ. ಇವೆರಡಕ್ಕೂ ಗೃಹಸ್ಥನು ತಾನಾಗಿಯೇ ಒಂದು ಎಲ್ಲೆಯನ್ನು ಹಾಕಿಕೊಳ್ಳುವುದು ಈ ವ್ರತದ ಸ್ವರೂಪ. ಸಮಂತಭದ್ರಾಚಾರ್ಯರು ತಮ್ಮ ರತ್ನಕರಂಡಕ ಶ್ರಾವಕಾಚಾರದಲ್ಲಿ ಇದನ್ನು ಗುಣವ್ರತಗಳಲ್ಲಿ ಸೇರಿಸಿದ್ದಾರೆ. ಸಂಪತ್ತು ಕಡಿಮೆಯಿದ್ದ ಕಾಲದಲ್ಲಿ ಈ ಎಲ್ಲೆಯನ್ನು ಅರ್ಧಭಾಗ ಬಡತನವೇ ಹಾಕುತ್ತಿತ್ತು. ಈಗ ಆ ಸಹಾಯ ನಮಗಿಲ್ಲ.

ಇದನ್ನು ಪ್ರಸ್ತಾಪಿಸಲು ಕಾರಣವಾದುದು ನಮ್ಮ ನಗರದಲ್ಲಿ ಬೇರೂರಿರುವ ಒಂದು ಬಗೆಯ ಭೋಜನಶಾಲೆ. ತಲೆಗೆ ಇಷ್ಟೆಂದು ಹಣ ತೆತ್ತರೆ ಬೇಕಾದಷ್ಟು ತಿನ್ನಬಹುದು. ಇದರ ಮೂಲ ದಕ್ಷಿಣ ಬ್ರೆಜಿಲ್. ಅಲ್ಲಿನ ರಿಯೊ ಗ್ರಾಂಡೆ ದೊ ಸುಲ್ ಪ್ರಾಂತದ ದನಗಾಹಿಗಳು ಕೆಂಡದ ಮೇಲೆ ಮಾಂಸ ಸುಡುತ್ತಿದ್ದ ರೂಢಿಯೇ ಕಾಲಕ್ರಮದಲ್ಲಿ ಹೋಟೆಲಿನ ವ್ಯಾಪಾರವಾಯಿತು. ಪರಿಚಾರಕರು ಕಬ್ಬಿಣದ ಸಲಾಕೆಗಳನ್ನು ಹಿಡಿದು ಮೇಜಿನಿಂದ ಮೇಜಿಗೆ ಸುತ್ತುತ್ತಾರೆ. ಉಣ್ಣುವವನ ಮುಂದೆ ಒಂದು ಬಿಲ್ಲೆ. ಅದರ ಒಂದು ಮೈ ಹಸಿರು, ಇನ್ನೊಂದು ಮೈ ಕೆಂಪು. ಹಸಿರು ಮೇಲಾಗಿರುವ ತನಕ ತಂದು ಬಡಿಸುತ್ತಲೇ ಇರುತ್ತಾರೆ, ಕೆಂಪು ಕಂಡರೆ ನಿಲ್ಲಿಸುತ್ತಾರೆ. (ನಮ್ಮಲ್ಲಿ ಹಸಿರು ಬಿಂದು ಸಸ್ಯಾಹಾರದ ಗುರುತು ಎಂಬುದನ್ನು ವಾಚಕರು ಇಲ್ಲಿ ನೆನೆಯಬಹುದು.) ನಮ್ಮ ದೇಶದಲ್ಲಿ ಇದನ್ನು ಹೋಲುವ ಕ್ರಮವನ್ನು ಹೆಚ್ಚು ಜನಕ್ಕೆ ಪರಿಚಯಿಸಿದ್ದು 2006ರಲ್ಲಿ ಮುಂಬಯಿಯಲ್ಲಿ ಆರಂಭವಾಗಿ, ಬೆಂಗಳೂರಿನಲ್ಲಿ ಮುಖ್ಯ ಕಚೇರಿಯನ್ನು ಹೊಂದಿರುವ ಬಾರ್ಬೆಕ್ಯೂ ನೇಷನ್. ಅಲ್ಲಿ ಮೇಜಿನ ನಡುವೆಯೇ ಕೆಂಡದ ಒಲೆ. ಬಿಲ್ಲೆಯ ಬದಲಿಗೆ ಪುಟ್ಟದೊಂದು ಬಾವುಟ. ಬಾವುಟ ಮೇಲಿರುವ ತನಕ ಸಲಾಕೆಗಳು ಬರುತ್ತಲೇ ಇರುತ್ತವೆ.

ವಿಜಯನಗರ, ರಾಜಾಜಿನಗರ, ಬಸವೇಶ್ವರನಗರಗಳಲ್ಲಿ ನೆಲೆಸಿರುವ ನಮ್ಮ ಕುಟುಂಬಗಳ ಎರಡನೆಯ, ಮೂರನೆಯ ತಲೆಮಾರಿನವರು ಕಂಪ್ಯೂಟರ್ ಸಂಸ್ಥೆಗಳಲ್ಲಿ ಉದ್ಯೋಗದಲ್ಲಿದ್ದಾರೆ. ಸಹೋದ್ಯೋಗಿಗಳು ಒಟ್ಟಾಗಿ ಉಣ್ಣುವ ಕೂಟಗಳು ಇಂಥ ಸ್ಥಳಗಳಲ್ಲಿ ಏರ್ಪಡುವುದು ಸಾಮಾನ್ಯ. ಮನೆಯ ಮಗ ಅಥವಾ ಸೊಸೆ ಹೋಗಬೇಕೋ ಬೇಡವೋ ಎಂಬ ಪ್ರಶ್ನೆ ಹಿರಿಯರ ಮುಂದೆ ಬಂದೇ ಬರುತ್ತದೆ.

ಈ ಪ್ರಶ್ನೆಯ ಬಹುಭಾಗಕ್ಕೆ ಉತ್ತರ ಸಿದ್ಧವಾಗಿಯೇ ಇದೆ. ಮದ್ಯ ಮಾಂಸಗಳ ತ್ಯಾಗ ಮೂಲಗುಣ. ಅಲ್ಲಿ ಚರ್ಚೆಗೆ ಎಡೆಯಿಲ್ಲ. ಒಂದೇ ಕೆಂಡದ ಮೇಲೆ ಎರಡೂ ಬೇಯುವಲ್ಲಿ ಕೈಯಿಡುವುದು ಸಲ್ಲದು. ರಾತ್ರಿಭೋಜನದ ಮಾತು ಗಡಿಯಾರಕ್ಕೆ ಬಿಟ್ಟದ್ದು: ಬೆಂಗಳೂರಿನಲ್ಲಿ ಸೂರ್ಯಾಸ್ತ ನವೆಂಬರಿನಲ್ಲಿ 5 ಗಂಟೆ 50 ನಿಮಿಷದ ಸುಮಾರಿಗೆ, ಜುಲೈಯಲ್ಲಿ 6 ಗಂಟೆ 50 ನಿಮಿಷದ ಸುಮಾರಿಗೆ, ಕಚೇರಿಯ ಕೂಟಗಳು ಆರಂಭವಾಗುವುದೇ ಅದರ ಅನಂತರ. ಮಾಂಸದ ಆಕಾರಕ್ಕೆ ತಿದ್ದಿ ಸಲಾಕೆಗೆ ಚುಚ್ಚಿದ ಸೋಯಾ ಹಿಟ್ಟಿನ ತುಂಡುಗಳ ವಿಷಯದಲ್ಲಿಯೂ ಜನ್ನನ ಯಶೋಧರ ಚರಿತೆಯನ್ನು (1209) ಕೇಳಿ ಬೆಳೆದವರಿಗೆ ಹೆಚ್ಚು ಹೇಳಬೇಕಾದುದಿಲ್ಲ. ಯಶೋಧರನು ಬಲಿಯಿತ್ತದ್ದು ಹಿಟ್ಟಿನ ಕೋಳಿಯನ್ನೇ.

ಆದರೆ ವಿಚಾರವಂತನಾದ ಒಬ್ಬ ತರುಣ ಇಷ್ಟಕ್ಕೆ ಸುಮ್ಮನಾಗುವುದಿಲ್ಲ. ಆತನ ಪ್ರಶ್ನೆ ಹೀಗಿರಬಹುದು: “ಹೋಟೆಲು ಶುದ್ಧ ಸಸ್ಯಾಹಾರದ್ದಾಗಿರಲಿ, ಊಟ ಹಗಲಿನದಾಗಿರಲಿ, ಕಂದಮೂಲಗಳಿಲ್ಲದಿರಲಿ, ನೀರು ಸೋಸಿದ್ದಾಗಿರಲಿ. ಆಗ ಕೇವಲ ಮಿತಿಯಿಲ್ಲವೆಂಬ ಕಾರಣಕ್ಕೆ ದೋಷವುಂಟೆ? ತಟ್ಟೆಯಲ್ಲಿ ಇಲ್ಲದ ಹಿಂಸೆ ಎಲ್ಲಿಂದ ಬಂತು?” ಈ ಪ್ರಶ್ನೆಯನ್ನು ನಾವು ಗೌರವದಿಂದ ಕಾಣಬೇಕು. ಏಕೆಂದರೆ ಯಾವ ವಸ್ತು ವರ್ಜ್ಯ ಎಂಬ ಪಟ್ಟಿಯಿಂದ ಇದಕ್ಕೆ ಉತ್ತರ ದೊರೆಯದು.

ಉತ್ತರದ ಸುಳಿವು ಅತಿಚಾರಗಳಲ್ಲಿದೆ. ಇದೇ ವ್ರತಕ್ಕೆ ನಮ್ಮ ಆಚಾರ್ಯರಿಬ್ಬರು ಹೇಳಿರುವ ಅತಿಚಾರಗಳು ಬೇರೆ ಬೇರೆ ಎಂಬುದನ್ನು ಸ್ವಾಧ್ಯಾಯ ಮಾಡುವವರೂ ಎಷ್ಟೋ ವೇಳೆ ಲಕ್ಷಿಸುವುದಿಲ್ಲ. ತತ್ತ್ವಾರ್ಥಸೂತ್ರದಲ್ಲಿ ಉಮಾಸ್ವಾಮಿಗಳು ಹೇಳಿದ ಐದೂ ಆಹಾರದ ದೋಷಗಳು: ಸಚಿತ್ತ, ಸಚಿತ್ತಸಂಬಂಧ, ಸಚಿತ್ತಮಿಶ್ರ, ಅಭಿಷವ, ದುಷ್ಪಕ್ವ. ಸಮಂತಭದ್ರರು ಹೇಳಿದ ಐದೂ ಉಣ್ಣುವವನ ದೋಷಗಳು: ವಿಷಯವೆಂಬ ವಿಷದಲ್ಲಿ ಆದರವನ್ನು ಬಿಡದಿರುವುದು, ಉಂಡದ್ದನ್ನು ಮತ್ತೆ ಮತ್ತೆ ನೆನೆಯುವುದು, ಉಣ್ಣುವಾಗಿನ ಅತಿಲೋಲುಪತೆ, ಮುಂದಿನದಕ್ಕೆ ಅತಿತೃಷ್ಣೆ, ಅನುಭವದಲ್ಲಿಯೇ ಮುಳುಗಿಹೋಗುವುದು. ಇಬ್ಬರನ್ನೂ ಒಟ್ಟಿಗೆ ಓದಬೇಕು. ತರುಣನ ಪ್ರಶ್ನೆ ಮೊದಲ ಐದನ್ನು ಪರಿಹರಿಸಿಕೊಂಡು ಬಂದಿದೆ. ಎರಡನೆಯ ಐದನ್ನು ಮುಟ್ಟಿಯೇ ಇಲ್ಲ.

ಈ ಭೋಜನಶಾಲೆಯ ವ್ಯಾಪಾರ ನಡೆಯುವ ಬಗೆಯನ್ನು ನೋಡಿದರೆ ಎರಡನೆಯ ಐದು ಅಲ್ಲಿ ಹೇಗೆ ಹುಟ್ಟುತ್ತವೆ ಎಂಬುದು ತಿಳಿಯುತ್ತದೆ. ಹಣವನ್ನು ಗೊತ್ತುಮಾಡಿದ್ದಾಗಿದೆ, ಒಂದು ತುತ್ತು ತಿಂದರೂ ಅಷ್ಟೇ, ನೂರು ತಿಂದರೂ ಅಷ್ಟೇ. ಆದ್ದರಿಂದ ಮೊದಲ ತುತ್ತಿಗೆ ಮುಂಚೆಯೇ ಉಣ್ಣುವವನ ಮನಸ್ಸಿನಲ್ಲಿ ಒಂದು ಸಾಲದ ಲೆಕ್ಕ ತೆರೆಯುತ್ತದೆ: ಕೊಟ್ಟ ಹಣ ವಸೂಲಾಗಬೇಕು. ಹೊಟ್ಟೆ ಬೇಗ ತುಂಬಿಸುವ ಅಗ್ಗದ ಪದಾರ್ಥಗಳು ಮೊದಲು ಬರುತ್ತವೆ. ಅನುಭವಿಗಳು ಅವನ್ನು ಬಿಟ್ಟು ಬೆಲೆಯುಳ್ಳದ್ದಕ್ಕೆ ಹೊಟ್ಟೆಯನ್ನು ಕಾದಿಡುತ್ತಾರೆ. ಇಬ್ಬರೂ ಒಬ್ಬರನ್ನೊಬ್ಬರು ಗೆಲ್ಲಲು ಕುಳಿತವರು. ಇಂಥಲ್ಲಿ ಹಸಿವು ತೀರಿದ ಕ್ಷಣಕ್ಕೆ ಯಾವ ಅರ್ಥವೂ ಉಳಿಯುವುದಿಲ್ಲ, ಏಕೆಂದರೆ ಊಟದ ಉದ್ದೇಶ ಹಸಿವನ್ನು ತೀರಿಸುವುದಾಗಿ ಉಳಿದಿಲ್ಲ.

ಇನ್ನೂ ಒಂದು ಸಂಗತಿಯನ್ನು ವ್ರತೋಪವಾಸಗಳ ಈ ಪತ್ರಿಕೆಯಲ್ಲಿ ಹೇಳದೆ ಬಿಡಲಾಗದು. ಸಂಜೆಯ ಊಟದಲ್ಲಿ ಹೆಚ್ಚು ತಿನ್ನುವುದಕ್ಕಾಗಿ ಬೆಳಗಿನಿಂದ ಏನನ್ನೂ ಮುಟ್ಟದೆ ಹೋಗುವವರಿದ್ದಾರೆ. ಅವರು ಅದನ್ನು ನಗುತ್ತ “ಉಪವಾಸ” ಎನ್ನುತ್ತಾರೆ! ಹೊರಗಿನಿಂದ ನೋಡಿದರೆ ಚತುರ್ದಶಿಯ ಉಪವಾಸಕ್ಕೂ ಇದಕ್ಕೂ ಭೇದವಿಲ್ಲ. ಹೊಟ್ಟೆ ಎರಡರಲ್ಲಿಯೂ ಖಾಲಿ. ಪೂರ್ವಾಚಾರ್ಯರು ಈ ಅಪಾಯವನ್ನು ಕಂಡಿದ್ದರೆಂದು ತೋರುತ್ತದೆ. ಪ್ರೋಷಧೋಪವಾಸದಲ್ಲಿ ಉಪವಾಸಕ್ಕೆ ಮುನ್ನಿನ ಧಾರಣೆಯ ದಿನವೂ ಅನಂತರದ ಪಾರಣೆಯ ದಿನವೂ ಏಕಭುಕ್ತಿಯೇ. ಉಪವಾಸದ ಎರಡು ದಡಗಳಲ್ಲಿಯೂ ಕಟ್ಟೆ ಕಟ್ಟಿದ್ದಾರೆ, ತಡೆದ ನೀರು ಮರುದಿನ ನುಗ್ಗದಿರಲೆಂದು. ನೋಂಪಿಯ ಮರುದಿನ ಪಾರಣೆಯ ಹೆಸರಿನಲ್ಲಿ ಹಬ್ಬದಡಿಗೆ ಮಾಡಿಸುವ ನಮ್ಮ ಮನೆಗಳೂ ಈ ಕಟ್ಟೆಯನ್ನು ಸ್ವಲ್ಪ ಪರೀಕ್ಷಿಸಿ ನೋಡುವುದು ಒಳ್ಳೆಯದು.

ಹಾಗಾದರೆ ಹೆಚ್ಚು ಉಣ್ಣುವುದೇ ಪಾಪವೆ? ಹಾಗೆಂದರೆ ತಪ್ಪಾದೀತು. ಇದಕ್ಕೆ ಸಮಂತಭದ್ರರ ಬಾಳೇ ನಿದರ್ಶನ. ಅವರಿಗೆ ಭಸ್ಮಕವೆಂಬ ರೋಗ, ಉಂಡದ್ದೆಲ್ಲ ಕ್ಷಣದಲ್ಲಿ ಬೂದಿಯಾಗುವ ಹಸಿವು, ಅಡಸಿತೆಂದು ಪರಂಪರೆ ಹೇಳುತ್ತದೆ. ಶ್ರವಣಬೆಳಗೊಳದ ಚಂದ್ರಗಿರಿಯಲ್ಲಿರುವ ಶಕ 1050ರ ಮಲ್ಲಿಷೇಣ ಪ್ರಶಸ್ತಿಯಲ್ಲಿಯೂ ಅವರು ಭಸ್ಮಕವನ್ನು ಗೆದ್ದ ಮಾತು ಬರುತ್ತದೆ. ಸಲ್ಲೇಖನೆಗೆ ಗುರುಗಳು ಅನುಮತಿ ಕೊಡಲಿಲ್ಲ. ರೋಗ ತೀರುವ ತನಕ ಮುನಿವೇಷವನ್ನು ಇಳಿಸಿಡೆಂದರು. ಅನಂತರ ಅವರು ಒಂದು ಶಿವಾಲಯದಲ್ಲಿದ್ದು ರಾಶಿ ರಾಶಿ ನೈವೇದ್ಯವನ್ನು ದಿನವೂ ಉಂಡರೆಂದು ಕಥೆ. ಕ್ರಮೇಣ ರೋಗ ಇಳಿಯಿತು, ಒಂದು ದಿನ ನೈವೇದ್ಯ ಮಿಕ್ಕಿತು. ಅದರಿಂದಲೇ ಗುಟ್ಟು ರಾಜನಿಗೆ ತಿಳಿಯಿತು. ಆ ರಾಶಿಯ ಮುಂದೆ ನಮ್ಮ ಯಾವ ಬಾವುಟದ ಊಟವೂ ಲೆಕ್ಕಕ್ಕೆ ಬಾರದು. ಆದರೂ ಅದನ್ನು ಯಾರೂ ಲೋಲುಪತೆಯೆಂದು ಕರೆಯಲಿಲ್ಲ. ಅಲ್ಲಿ ಹಸಿವಿತ್ತು, ಹಸಿವು ನಿಂತಾಗ ಕೈಯೂ ನಿಂತಿತು. ಅತಿಲೋಲುಪತೆಯನ್ನು ಅತಿಚಾರವೆಂದು ಬರೆದವರು, ಅಳತೆ ಮೀರಿದ ಹಸಿವು ಏನೆಂಬುದನ್ನು ಶರೀರದಲ್ಲಿ ಅರಿತವರೆಂಬುದು ನನಗೆ ಮತ್ತೆ ಮತ್ತೆ ನೆನಪಾಗುವ ವಿಷಯ.

ಇನ್ನೊಂದು ಆಕ್ಷೇಪ ಬರಬಹುದು: ನಮ್ಮ ಪಂಕ್ತಿಭೋಜನದಲ್ಲಿಯೂ ಮಿತಿಯಿರಲಿಲ್ಲವಲ್ಲ? ಇರಲಿಲ್ಲ, ನಿಜ. ಆದರೆ ಅಲ್ಲಿ ಬಡಿಸುವವನು ಪ್ರತಿ ಸಲವೂ ಕೇಳುತ್ತಿದ್ದ, ಉಣ್ಣುವವನು ಎಲೆಯ ಮೇಲೆ ಕೈಯಡ್ಡ ಹಿಡಿದು “ಸಾಕು” ಎನ್ನುತ್ತಿದ್ದ. ಒಂದು ಊಟದಲ್ಲಿ ಹತ್ತು ಸಲ “ಸಾಕು” ಎನ್ನುವ ಅಭ್ಯಾಸ ಚಿಕ್ಕ ಮಕ್ಕಳಿಗೂ ಆಗುತ್ತಿತ್ತು. ಬಿಲ್ಲೆ, ಬಾವುಟಗಳ ಏರ್ಪಾಡಿನಲ್ಲಿ ಕೇಳುವವರಿಲ್ಲ. ಸುಮ್ಮನಿದ್ದರೆ “ಬೇಕು” ಎಂದೇ ಅರ್ಥ. ನಮ್ಮ ಮದುವೆಗಳು ಎಲೆಯನ್ನು ಬಿಟ್ಟು ಬಫೆಯನ್ನು ಹಿಡಿದ ಮೇಲೆ, ಈ ವಿಷಯದಲ್ಲಿ ಹೋಟೆಲಿನವರನ್ನು ದೂರುವ ಅಧಿಕಾರ ನಮಗೆ ಬಹಳವಾಗಿ ಉಳಿದಿಲ್ಲ. ಪಶ್ಚಿಮ ಬೆಂಗಳೂರಿನ ಕಲ್ಯಾಣಮಂಟಪಗಳಲ್ಲಿ, ಜಿನನಾಮಸ್ಮರಣೆಯಿಂದ ಆರಂಭವಾದ ಲಗ್ನದ ಊಟ ಎಷ್ಟು ಮೇಜುಗಳುದ್ದ ಹಬ್ಬಿರುತ್ತದೆ ಎಂಬುದನ್ನೂ, ಕೈತೊಳೆಯುವಲ್ಲಿ ತಟ್ಟೆಗಳಲ್ಲಿ ಉಳಿದ ಎಂಜಲನ್ನೂ ನೋಡದವರು ಯಾರು? ಎಂಜಲಿನಲ್ಲಿ ಸಮ್ಮೂರ್ಛನ ಜೀವಗಳ ಉತ್ಪತ್ತಿಯಾಗುವುದೆಂದು ತಟ್ಟೆ ತೊಳೆದ ನೀರನ್ನೂ ಕುಡಿಯುತ್ತಿದ್ದ ಅಜ್ಜಿಯರ ಮೊಮ್ಮಕ್ಕಳು ನಾವು. ತರುಣನು ಕೇಳಿದ ಹಿಂಸೆ ಅಲ್ಲಿದೆ, ತೊಟ್ಟಿಯಲ್ಲಿ.

ಇನ್ನು ಉದ್ಯೋಗದ ಒತ್ತಾಯದಿಂದ ಶುದ್ಧ ಸಸ್ಯಾಹಾರದ ಅಂಥ ಕೂಟಕ್ಕೆ ಹಗಲಿನಲ್ಲಿ ಹೋಗಲೇಬೇಕಾದವನು ಏನು ಮಾಡಬೇಕು? ತ್ಯಾಗದಲ್ಲಿ ಯಮ, ನಿಯಮಗಳೆಂಬ ಎರಡು ಬಗೆಯಿವೆ; ಯಾವಜ್ಜೀವದ್ದು ಯಮ, ಕಾಲಪರಿಮಿತವಾದದ್ದು ನಿಯಮ. ಮನೆಯಿಂದ ಹೊರಡುವ ಮುನ್ನವೇ “ಇಂದು ಇಷ್ಟು ಪದಾರ್ಥ, ಒಂದೇ ಸಲ” ಎಂದು ನಿಯಮ ಮಾಡಿಕೊಳ್ಳುವುದಕ್ಕೆ ಯಾರ ಅನುಮತಿಯೂ ಬೇಡ. ಮುನಿಗಳು ಆಹಾರಕ್ಕೆ ಹೊರಡುವ ಮುನ್ನ ಮಾಡುವ ವೃತ್ತಿಪರಿಸಂಖ್ಯಾನದ ಅತ್ಯಲ್ಪ ಛಾಯೆ ಇದು. ಮೂಲಾಚಾರದಲ್ಲಿ ಪುರುಷನ ಆಹಾರಕ್ಕೆ 32 ತುತ್ತು, ಸ್ತ್ರೀಯರಿಗೆ 28 ಎಂದು ಹೇಳಿ, ಅದರಲ್ಲಿ ಒಂದನ್ನು ಕಡಿಮೆ ಮಾಡುವುದರಿಂದಲೇ ಅವಮೌದರ್ಯ ತಪಸ್ಸು ಆರಂಭವಾಗುವುದೆಂದು ಲೆಕ್ಕ ಕೊಟ್ಟಿದ್ದಾರೆ. ಪೂರ್ತಿ ಹಣ ತೆತ್ತು ಮೂರು ಪದಾರ್ಥ ಉಂಡು ಎದ್ದವನನ್ನು ಜೊತೆಗಾರರು ನಷ್ಟ ಮಾಡಿಕೊಂಡನೆಂದು ಹಾಸ್ಯ ಮಾಡಬಹುದು. ಅವನು ಬಾವುಟವನ್ನು ಇಳಿಸಿ, ಅವರೊಡನೆ ಮಾತನಾಡುತ್ತ ಕುಳಿತಿರಲಿ.