ಪೇಟೆ ಧಾರಣೆ ಮತ್ತು ನ್ಯಾಸಾಪಹಾರ

ಸತ್ಯಾಣುವ್ರತದ ಐದು ಅತಿಚಾರಗಳನ್ನು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ನಿರೂಪಿಸುತ್ತದೆ. ನ್ಯಾಸಾಪಹಾರವು ಅವುಗಳಲ್ಲಿ ಒಂದು. ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ಇದಕ್ಕೆ ನೀಡಿರುವ ವಿವರಣೆ ಮನನಯೋಗ್ಯವಾದುದು. ಹೊನ್ನನ್ನು ಒಬ್ಬನಲ್ಲಿ ಇರಿಸಿದವನು ಅದರ ಲೆಕ್ಕವನ್ನು ಮರೆತು, ಇಟ್ಟುದಕ್ಕಿಂತ ಕಡಿಮೆಯನ್ನು ಕೇಳುತ್ತಾನೆ. ಇಟ್ಟುಕೊಂಡವನು ಹಾಗೆಯೇ ಆಗಲೆಂದು ಒಪ್ಪುತ್ತಾನೆ. ಇಲ್ಲಿ ಅವನು ತಾನಾಗಿ ಸುಳ್ಳನ್ನು ಕಲ್ಪಿಸಲಿಲ್ಲ. ಪರರ ಅಜ್ಞಾನಕ್ಕೆ ಸಮ್ಮತಿಯನ್ನಿತ್ತನು, ಅಷ್ಟೆ. ಆದರೂ ಅದು ವ್ರತಕ್ಕೆ ಕಳಂಕವೇ ಆಗಿದೆ.

ಕೃಷಿ ಮಾರುಕಟ್ಟೆಯ ವ್ಯವಹಾರದಲ್ಲಿ ಈ ಸೂಕ್ಷ್ಮವು ಹೇಗೆ ಅನ್ವಯಿಸುತ್ತದೆಂಬುದು ವಿಚಾರಾರ್ಹ. ಶ್ರಾವಕರಲ್ಲಿ ಒಕ್ಕಲುತನ ಮಾಡುವವರೂ ಇದ್ದಾರೆ, ದಲಾಲಿ ಅಂಗಡಿ ನಡೆಸುವವರೂ ಇದ್ದಾರೆ. ಹಿಂದೆ ಅನೇಕ ಪೇಟೆಗಳಲ್ಲಿ ಬಟ್ಟೆಯ ಮರೆಯಲ್ಲಿ ಬೆರಳು ಹಿಡಿದು ಬೆಲೆ ನಿಶ್ಚಯಿಸುವ ಪದ್ಧತಿಯಿತ್ತು. ಮಾಲಿನ ಒಡೆಯನು ಪಕ್ಕದಲ್ಲಿಯೇ ನಿಂತಿದ್ದರೂ ಯಾರು ಎಷ್ಟು ಕೇಳಿದರೆಂಬುದು ಅವನಿಗೆ ತಿಳಿಯುತ್ತಿರಲಿಲ್ಲ. ನಿಯಂತ್ರಿತ ಮಾರುಕಟ್ಟೆಗಳ ಉದ್ದೇಶಗಳಲ್ಲಿ ಆ ಮರೆಯನ್ನು ಸರಿಸುವುದೂ ಒಂದಾಗಿತ್ತು. ಕರ್ನಾಟಕದಲ್ಲಿ ಅದಕ್ಕೆ 1966ರ ಕಾಯಿದೆ ಆಧಾರವಾಯಿತು. ಆಕಾಶವಾಣಿ ಮತ್ತು ಪತ್ರಿಕೆಗಳು ಪೇಟೆ ಧಾರಣೆಯನ್ನು ಹಳ್ಳಿಗೆ ಮುಟ್ಟಿಸಿದವು. 2000ದಲ್ಲಿ ಅಗ್‌ಮಾರ್ಕ್‌ನೆಟ್, 2014ರಲ್ಲಿ ರಾಜ್ಯದ ಏಕೀಕೃತ ಮಾರುಕಟ್ಟೆ ವೇದಿಕೆ, 2016ರಲ್ಲಿ ಇ-ನಾಮ್ ಬಂದವು. ಇಂದು ಧಾರಣೆಯು ರೈತನ ಅಂಗೈಯ ಫೋನಿನಲ್ಲಿಯೇ ದೊರೆಯುತ್ತದೆ.

ಇಷ್ಟರಿಂದ ಅಜ್ಞಾನವು ನೀಗಿತೆನ್ನಬಹುದೇ? ಪ್ರಕಟವಾಗುವ ಪಟ್ಟಿಯಲ್ಲಿ ಕನಿಷ್ಠ, ಗರಿಷ್ಠ ಮತ್ತು ಮಾದರಿ ಎಂಬ ಮೂರು ದರಗಳಿರುತ್ತವೆ. ಗರಿಷ್ಠವೆಂಬುದು ಆ ದಿನದ ಅತ್ಯುತ್ತಮ ಮಾಲಿಗೆ ಸಂದ ಬೆಲೆ. ಹೆಚ್ಚಿನ ಮಾಲು ಮಾರಾಟವಾದುದು ಮಾದರಿ ದರದ ಆಸುಪಾಸಿನಲ್ಲಿ. ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ಡಬ್ಬಿ, ಕಡ್ಡಿ, ಗುಂಟೂರು ತಳಿಗಳ ಬೆಲೆ ಒಂದೇ ಅಲ್ಲ. ಬಣ್ಣ ಮತ್ತು ತೇವಾಂಶಗಳಿಂದಲೂ ಅದು ವ್ಯತ್ಯಾಸವಾಗುತ್ತದೆ. ಅಂಕಿ ಎಲ್ಲರಿಗೂ ಕಾಣುತ್ತದೆ. ತನ್ನ ಚೀಲಕ್ಕೆ ಅದರಲ್ಲಿ ಯಾವುದು ಹೊಂದುತ್ತದೆಂಬುದನ್ನು ಮಾತ್ರ ಅನುಭವಿಯಾದ ವ್ಯಾಪಾರಿಯೇ ಬಲ್ಲನು. ಮೇಲಾಗಿ, ತಿಳಿದ ಮಾತ್ರಕ್ಕೆ ಬಿಡುಗಡೆಯಿಲ್ಲ. ಪಶ್ಚಿಮ ಬಂಗಾಳದ ಆಲೂಗಡ್ಡೆ ಬೆಳೆಗಾರರಿಗೆ 2008ರಲ್ಲಿ ಸಂಶೋಧಕರು ಸಗಟು ಪೇಟೆಯ ಧಾರಣೆಯನ್ನು ದಿನದಿನವೂ ತಿಳಿಸಿದರು. ಆದರೂ ಬೆಳೆಗಾರರಿಗೆ ದೊರೆತ ಸರಾಸರಿ ಬೆಲೆ ಏರಲಿಲ್ಲ. ಸಗಟು ಪೇಟೆಯಲ್ಲಿ ತಾವೇ ನೇರವಾಗಿ ಮಾರುವ ದಾರಿ ಅವರಿಗೆ ಇರಲಿಲ್ಲ. ಮುಂಗಡ ಸಾಲ ಪಡೆದು ಒಂದೇ ಅಂಗಡಿಗೆ ಕಟ್ಟುಬಿದ್ದ ರೈತನ ಸ್ಥಿತಿಯೂ ಇದಕ್ಕಿಂತ ಭಿನ್ನವಲ್ಲ.

ಬೆಲೆಯ ಅರಿವು ವ್ಯಾಪಾರಿಯ ಶ್ರಮದ ಫಲವಲ್ಲವೇ, ಅದನ್ನು ಪುಕ್ಕಟೆಯಾಗಿ ಏಕೆ ಹಂಚಬೇಕು ಎಂಬ ಆಕ್ಷೇಪ ಬರಬಹುದು. ಅದರಲ್ಲಿ ಸತ್ಯಾಂಶವಿದೆ. ಮುಂದಿನ ತಿಂಗಳು ಬೆಲೆ ಏರುವುದೋ ಇಳಿಯುವುದೋ ಎಂದು ಊಹಿಸಿ, ನಷ್ಟಕ್ಕೂ ಸಿದ್ಧನಾಗಿ ಕೊಳ್ಳುವವನ ಊಹೆ ಅವನ ಸ್ವಂತದ್ದು. ಅದನ್ನು ಹೇಳದಿರುವುದು ಅಸತ್ಯವಲ್ಲ. ಬೆಲೆ ಬೀಳಲಿದೆಯೆಂದು ಸುಳ್ಳು ಸುದ್ದಿ ಹಬ್ಬಿಸುವುದು ಅಸತ್ಯ. ಆದರೆ ದಲಾಲನ ಸ್ಥಾನ ಬೇರೆ. ಅವನು ರೈತನ ಪರವಾಗಿ ಮಾರುವವನು. ಅವನ ಅಂಗಡಿಯ ಮುಂದೆ ಸುರಿದ ರಾಶಿ, ಮಾರಾಟವಾಗುವವರೆಗೂ ರೈತನದೇ. ಅಕ್ಷರಶಃ ಅದೊಂದು ನ್ಯಾಸ. ಇಂದಿನ ಧಾರಣೆಯನ್ನು ಅರಿಯದ ರೈತನು ಕಡಿಮೆ ಬೆಲೆಗೆ ತಲೆಯಾಡಿಸಿದಾಗ, ಅರಿತ ದಲಾಲನು ಸುಮ್ಮನಿದ್ದರೆ, ಆ ಮೌನವು ಪೂಜ್ಯಪಾದರು ಹೇಳಿದ ಸಮ್ಮತಿಯೇ ಆಗುತ್ತದೆ.

ರೈತನೂ ಈ ವಿಚಾರಕ್ಕೆ ಹೊರತಲ್ಲ. ತನ್ನ ಮಾಲಿನ ಗುಣವನ್ನು ಬಲ್ಲವನು ಅವನೇ. ಮೇಲೆ ಒಳ್ಳೆಯ ಕಾಯಿ ಹರಡಿ ಕೆಳಗೆ ಹುಳುಕನ್ನು ಮುಚ್ಚುವುದು, ತೂಕಕ್ಕಾಗಿ ನೀರು ಚಿಮುಕಿಸುವುದು ಇವೂ ಪರರ ಅಜ್ಞಾನದಿಂದ ಪಡೆಯುವ ಲಾಭವೇ. ಅಚೌರ್ಯವ್ರತದ ಅತಿಚಾರಗಳಲ್ಲಿ ಹೀನಾಧಿಕ ಮಾನೋನ್ಮಾನ ಮತ್ತು ಪ್ರತಿರೂಪಕ ವ್ಯವಹಾರಗಳನ್ನು ಹೇಳುವಾಗ ಶಾಸ್ತ್ರವು ಮಾರುವವನು, ಕೊಳ್ಳುವವನು ಎಂದು ಭೇದ ಮಾಡಿಲ್ಲ.

ಕಾಯಿದೆಯು ದರವನ್ನು ಫಲಕದ ಮೇಲೆ ಬರೆಯಿಸಬಲ್ಲದು. ಅದನ್ನು ಓದಲಾರದವನಿಗೆ ಓದಿ ಹೇಳಬೇಕೆಂಬ ಬುದ್ಧಿಯನ್ನು ವ್ರತವೇ ಕೊಡಬೇಕು. ಅಪರಿಗ್ರಹವನ್ನು ನಂಬಿದವನು ಲಾಭವನ್ನೇ ತೊರೆಯಬೇಕೆಂದಿಲ್ಲ. ಎದುರಿನವನು ತಿಳಿದಿದ್ದರೆ ಈ ಲಾಭಕ್ಕೆ ಒಪ್ಪುತ್ತಿದ್ದನೇ ಎಂಬ ಒಂದು ಪ್ರಶ್ನೆಯನ್ನು, ಪಟ್ಟಿ ಬರೆಯುವ ಮುನ್ನ ತನ್ನನ್ನು ತಾನೇ ಕೇಳಿಕೊಂಡರೆ ಸಾಕು.