ಕಾಣಿಸಿಕೊಳ್ಳುವ ಹಂಬಲ

೨೦೨೨ನೆಯ ನವೆಂಬರ್ ೨೬ರಂದು ಬೆಳಗಾವಿ ನಗರದಿಂದ ಪ್ರವಾಸಕ್ಕೆ ಹೋಗಿದ್ದ ತರುಣಿಯರಲ್ಲಿ ಐವರು, ಗಡಿಯಾಚೆಯ ಚಂದಗಡ ತಾಲ್ಲೂಕಿನ ಕಿಟವಾಡ ಜಲಪಾತದ ಬಳಿ ಸೆಲ್ಫಿ ತೆಗೆದುಕೊಳ್ಳುತ್ತಿರುವಾಗ ಜಾರಿ ನೀರಿಗೆ ಬಿದ್ದರೆಂದು ಪತ್ರಿಕೆಗಳು ವರದಿ ಮಾಡಿದವು. ನಾಲ್ವರು ಅಸುನೀಗಿದರು. ಅಗಲಿದ ಆ ಮಕ್ಕಳನ್ನು ದೂಷಿಸುವುದು ಸಲ್ಲದು. ಆದರೆ ಖಾನಾಪುರದ ಕಾಡಿನ ವಜ್ರಪೋಹದಂತಹ ಜಲಪಾತಗಳಲ್ಲಿಯೂ ಎಳೆಯರು ಒಂದು ಚಿತ್ರಕ್ಕಾಗಿ ಪಾಚಿಗಟ್ಟಿದ ಬಂಡೆಯಂಚಿಗೆ ಹೋಗುವುದೇಕೆಂಬುದನ್ನು ವಿಚಾರಿಸಲೇಬೇಕು.

ಇದು ಭಯವರಿಯದ ಹುಂಬತನವೆಂದು ಹಿರಿಯರು ಹೇಳುವರು. ಬಂಡೆ ಜಾರುವುದೆಂದು ಎಳೆಯರೂ ಬಲ್ಲರು. ಹದಿಹರೆಯದಲ್ಲಿ ಒಡನಾಡಿಗಳ ಮೆಚ್ಚುಗೆಯು ಪ್ರಾಣಭಯವನ್ನೂ ಮೀರಿಸುವುದು. ಹಿಂದೆ ಆ ಮೆಚ್ಚುಗೆ ಕೆರೆಯ ದಂಡೆಯಲ್ಲಿ ನಿಂತ ನಾಲ್ವರು ಗೆಳೆಯರದಾಗಿತ್ತು, ಸಂಜೆಗೆ ಮುಗಿಯುತ್ತಿತ್ತು. ಇನ್‌ಸ್ಟಾಗ್ರಾಮಿನಲ್ಲಾದರೋ ನೋಡುವವರು ಕಣ್ಣಿಗೆ ಬೀಳರು, ಎಣಿಕೆಗೆ ಕೊನೆಯಿಲ್ಲ. ಎದುರಿನ ಮಡುವಿಗಿಂತ ಎಲ್ಲಿಯೋ ಇರುವ ಕಣ್ಣುಗಳೇ ಅವರಿಗೆ ನಿಜವೆನಿಸುವುವು.

ಇಷ್ಟಲಿಂಗವನ್ನು ಅಂಗೈಯಲ್ಲಿರಿಸಿಕೊಂಡು ನೋಡುವ ಭಕ್ತನ ದೃಷ್ಟಿ ಒಳಮುಖವಾಗುವುದು; ಅಲ್ಲಿ ಮತ್ತೊಬ್ಬ ನೋಡುಗನ ಹಂಗಿಲ್ಲ. ಮೊಬೈಲೂ ಅಂಗೈಯಲ್ಲಿಯೇ ಇರುವುದು. ಅದರ ಮುಂದೆ ನಿಂತವನು ಪರರ ನೋಟವನ್ನು ಬೇಡುವನು. ಹೋಲಿಕೆ ಒರಟಾದುದು, ವಿಚಾರಕ್ಕೆ ಒದಗೀತು.

ಈ ಬೇಡುವಿಕೆಯನ್ನು ಎಳೆಯರಿಗೆ ಕಲಿಸಿದವರಾರು? ತೊಟ್ಟಿಲ ಕೂಸಿನ ಚಿತ್ರವನ್ನು ಊರಿಗೆಲ್ಲ ಕಳುಹಿಸಿ, ಎಷ್ಟು ಮಂದಿ ಮೆಚ್ಚಿದರೆಂದು ರಾತ್ರಿ ಕುಳಿತು ಎಣಿಸುವವರು ಗೃಹಸ್ಥರೇ. ತಾವು ಲಿಂಗಪೂಜೆಗೆ ಕುಳಿತ ಚಿತ್ರವನ್ನೂ ತೆಗೆಯಿಸಿ ಹಂಚುವವರುಂಟು. ಮಗನು ಬಂಡೆಯ ತುದಿಗೆ ಹೋದಾಗ ಮಾತ್ರ ಅವರಿಗೆ ಸಿಟ್ಟು ಬರುವುದು.